ಸುಮ್ನೋದವ್ವನ ಗುಡ್ಡ

ಆ ಬಾಗ್ಲು ಒಂಚೂರು ಮುಂದಕ್ಕೆ ಎಳಿ ಚಂದ್ರಿ. ಪೂರಾ ಹಾಕ್ಬ್ಯಾಡ, ಪೂರಾ ಹಾಕಿದ್ರೆ ಬೀದಿಗೆಲ್ಲ ಅನುಮಾನ ಬರ್ತದೆ. ಹೂಂ, ಈಗ ಬಾ, ಈ ಉಪ್ಪಿನ ಗಡಿಗೆ ಮುಟ್ಟಿ ಆಣೆ ಇಡು. ಯಾರಿಗೂ ಹೇಳಲ್ಲ ಅನ್ನು. ಯಾರಿಗೂ ಅಂದ್ರೆ ನಿಮ್ಮತ್ತೆ ಓಬಳಕ್ಕಂಗೆ. ಬ್ಯಾರೆಯೋರಿಗೆ ಹೇಳಿದ್ರೂ ಅಡ್ಡಿಯಿಲ್ಲ, ಅವ್ರಿಗೆಲ್ಲ ನಾನೇ ಹೇಳಿದೀನಿ. ನಿಮ್ಮತ್ತೆ ಕಿವಿಗೆ ಬಿದ್ರೆ ಮಾತ್ರ ನಂಗೂ ನಿಂಗೂ ಉಳಿಗಾಲ ಇಲ್ಲ. ಯಾಕಂದ್ರೆ ಆ ಗುಡ್ಡದ ಪೂಜಾರಿಕೆ ನಿಮ್ಮನೇದು. ತಾವು ಹೇಳಿದ್ದೇ ಗುಡ್ಡದ ಕತೆ ಅಂತ ನಿಮ್ಮೋರು ತಿಳ್ಕಂಡವ್ರೆ. ನೀನು ಈ ಊರಿಗೆ ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ, ಆದ್ರೂ ಗುಡ್ಡದ ನಿಜ ಕತೆ ಏನು ಅಂತ ನನ್ನ ಕೇಳಿದೀಯ. ದಿನಾ ಸಂಜೆ ಕಸ ಹಾಕೋ ನೆಪದಾಗೆ ಆ ಗುಡ್ಡ ಹತ್ತೋ ಬಸ್ಸು ನೋಡ್ಕಂಡು ನಿಲ್ತೀಯಲ್ಲ, ಖಾಲಿ ಮೊರ ಹಿಡ್ಕಂಡು, ಅದನ್ನೂ ನಾನು ನೋಡಿದೀನಿ. ಕಣ್ಣು ಇರೋದ್ಯಾಕೆ ಮತ್ತೆ.

ಗುಡ್ಡ ನೋಡು ಈಗ ಹೆಂಗೈತೆ ಅಂತ. ಬರೀ ಬಂಡೆ, ಸಂದಿಗೊಂದಿಯಾಗೆ ಸೀತಾಫಲದ ಗಿಡ. ಎರಡು ದಿಬ್ಬ, ನಡುವೆ ಒಂದು ಕಣಿವೆ, ಆ ಕಣಿವೆಯಾಗೆ ಟಾರು ರಸ್ತೆ. ರಸ್ತೆ ಪಕ್ಕದಾಗೆ ಎರಡು ನೆಟ್ಟಗಲ್ಲು. ಆ ಕಲ್ಲಿಂದ ಈ ಕಲ್ಲಿಗೆ ಬೇವಿನ ಸೊಪ್ಪು ಹೆಣೆದ ಹುರಿ ಕಟ್ಟವ್ರೆ, ಸೊಂಟದ ಮಟ್ಟಕ್ಕೆ. ಅತ್ಲಾಗೆ ಹೋಗ್ಬೇಕು ಅಂದ್ರೆ ಬಗ್ಗಿ ನುಸೀಬೇಕು. ಓಟು ಕೇಳಾಕೆ ಬಂದೋರೂ ಬಗ್ಗವ್ರೆ, ಸಾಹುಕಾರ್ರೂ ಬಗ್ಗವ್ರೆ. ಒಳಗೆ ದೇವ್ರ ಮೂರ್ತಿ ಇಲ್ಲ. ಒಂದು ಚಪ್ಪಟೆ ಕಲ್ಲು, ಪಕ್ಕದಾಗೆ ನೀರು ತುಂಬಿದ ಮಣ್ಣಿನ ಮಡಕೆ, ಅಷ್ಟೇ. ಎಡೆ ಇಡಾಂಗಿಲ್ಲ, ಹರಕೆ ಹೊರಾಂಗಿಲ್ಲ. ಹೋದೋರ್ನ ನಿಮ್ಮ ಮಾವ ಒಂದೇ ಮಾತು ಕೇಳ್ತಾರೆ: “ಯಾಕೆ ಬಂದ್ರಿ?” ಮಗಳಿಗೆ ಗಂಡು ಸಿಗ್ಲಿ ಅಂತ, ಕೋರ್ಟು ಕೇಸು ಗೆಲ್ಲಲಿ ಅಂತ ಯಾರಾದ್ರೂ ಅಂದ್ರೆ, ಕೆಳಗೆ ಆಂಜನೇಯನ ಗುಡಿ ಐತೆ ಅಲ್ಲಿಗೆ ಹೋಗಿ ಅಂತ ಕಳಿಸ್ತಾರೆ. “ಸುಮ್ನೆ ಬಂದ್ವಿ” ಅನ್ನೋರಿಗೆ ಮಾತ್ರ ಮಡಕೆಯಿಂದ ಒಂದು ಬೊಗಸೆ ನೀರು ಕೊಡ್ತಾರೆ. ಯಾಕೆ ಹಂಗೆ ಅಂತ ನಿಮ್ಮ ಮಾವಂಗೇ ಗೊತ್ತಿಲ್ಲ. ಅವ್ರಪ್ಪ ಕೇಳ್ತಿದ್ದ, ಇವ್ರೂ ಕೇಳ್ತಾರೆ. ಅದ್ರ ಮೇಲೆ “ಶ್ರೀ ಸಂಜೀವಿನಿ ದೇವಿ ಕ್ಷೇತ್ರ” ಅಂತ ಹಳದಿ ಬಣ್ಣದಾಗೆ ಬೋರ್ಡು ಬ್ಯಾರೆ ಬರೆಸಿ ನಿಲ್ಸವ್ರೆ. ಊರಿಗೆ ಬ್ಯಾನೆ ಬಂದಾಗ ದೇವಿ ಗುಡ್ಡ ದಾಟಿ ಹೋಗಿ ಗಿಡಮೂಲಿಕೆ ತಂದು ಊರು ಉಳಿಸಿದ್ಲಂತೆ. ಬೋರ್ಡು ಬೋರ್ಡಿನ ಪಾಡಿಗೆ ಇರ್ಲಿ. ಬಸ್ಸಿನ ಕಂಡಕ್ಟರು ಇವತ್ತಿಗೂ ಕೂಗೋದು, “ಸುಮ್ನೋದವ್ವನ ಗುಡ್ಡ, ಯಾರ್ರೀ ಇಳ್ಯೋರು” ಅಂತ್ಲೇ. ಸುಮ್ನೆ ಹೋದ ಅವ್ವ. ಮೂಲಿಕೆ ತರಾಕೆ ಹೋದ ಅವ್ವ ಅಲ್ಲ.

ಹಿಂದೆ ಒಮ್ಮೆ, ನಮ್ಮಜ್ಜಿಯ ಅಜ್ಜಿಗೂ ಹಿಂದೆ, ಈ ಸೀಮೆಗೆ ಮಾರಿ ಬ್ಯಾನೆ ಬಂತಂತೆ. ಬೆಳಿಗ್ಗೆ ಗೇಯಾಕೆ ಹೋದೋನು ಸಂಜೆಗೆ ಇಲ್ಲ. ಆಗ ನಮ್ಮೂರಾಗೆ ಓಬಳಯ್ಯ ಅಂತ ಪೂಜಾರಿ ಇದ್ದ. ಅವನು ಮೂರು ಹೊತ್ತು ಉಪಾಸ ಇದ್ದು, ಬೇವಿನ ಸೊಪ್ಪಿನ ಹುರಿ ಹೆಣೆದು, ಊರಿನ ಎಲ್ಲೆ ಸುತ್ತ ಕಲ್ಲಿಂದ ಕಲ್ಲಿಗೆ ಕಟ್ಟಿದ. ಒಳಗಿರೋರು ಹೊರಕ್ಕೆ ಹೋಗಾಂಗಿಲ್ಲ, ಹೊರಗಿರೋರು ಒಳಕ್ಕೆ ಬರಾಂಗಿಲ್ಲ. ಬ್ಯಾನೆ ಹೋದ್ಮೇಲೆ ನಾನೇ ಬಿಚ್ತೀನಿ, ಕಟ್ಟಿದ ಕೈಯೇ ಬಿಚ್ಬೇಕು, ಬ್ಯಾರೆ ಕೈ ಬಿಚ್ಚಿದ್ರೆ ಮಾರಿ ತಿರುಗಿ ಬರ್ತಾಳೆ ಅಂದ. ಸರಿ ಅಂದ್ರು. ಬ್ಯಾನೆ ಏನೋ ನಿಂತ್ಕಂತು ಕಣಮ್ಮಿ, ಆದ್ರೆ ಕೊಟ್ಟಕೊನೆಗೆ ಅದು ಹೊತ್ಕಂಡು ಹೋಗಿದ್ದೇ ಓಬಳಯ್ಯನ್ನ. ಈಗ ಬಿಚ್ಚೋರ್ಯಾರು? ಮಳೆಗೆ ಹುರಿ ಕೊಳೀತಿತ್ತು. ತಾನಾಗೇ ಉದುರಿ ಹೋಗ್ಲಿ ಅಂತ ಬಿಟ್ಟಿದ್ರೆ ಆಗ್ತಿತ್ತು. ಬಿಡ್ಲಿಲ್ಲ. ಓಬಳಯ್ಯನ ಮಗ ಪಾಲಯ್ಯ ಆಗಿನ್ನೂ ಮೀಸೆ ಬರದ ಹುಡುಗ, ಅಪ್ಪ ಕಟ್ಟಿದ ಹುರಿ ಮೇಲೆ ಹೊಸ ಹುರಿ ಕಟ್ಟಿದ. ಮರುವರ್ಷ ಅದ್ರ ಮೇಲೆ ಇನ್ನೊಂದು. ಕಟ್ಟಾಕೆ ಯಾರ ಕೈಯಾದ್ರೂ ಆಗ್ತದೆ, ಬಿಚ್ಚಾಕೆ ಮಾತ್ರ ಸತ್ತೋನ ಕೈಯೇ ಬೇಕು! ಇಂಥ ಬುದ್ಧಿ ನಮ್ಮೂರೋರಿಗಲ್ಲದೆ ಇನ್ಯಾರಿಗೆ ಬಂದಾತು. ಹಂಗೇ ವರ್ಷ ವರ್ಷ ಕಟ್ಕಂಡು, ಬ್ಯಾನೆ ಕಂಡೋರು ಮುದುಕರಾದ್ರು, ಕಾಣದೋರು ಮಕ್ಕಳ ತಾಯಿಯಾದ್ರು. ಗುಡ್ಡದಾಚೆ ಹೋದೋರು ಒಬ್ಬರಿಲ್ಲ. ಹೆಣ್ಣು ಕೊಡೋದು ತರೋದು ಎಲ್ಲ ಒಳಗೊಳಗೇ. ಉಪ್ಪಿಗೆ ಮಾತ್ರ ಹೊರಗಿನೋರು ಬೇಕಿತ್ತು. ಕತ್ತೆ ಮೇಲೆ ಉಪ್ಪು ಹೇರ್ಕಂಡು ಬರೋರು ಕಣಿವೆಯಾಗೆ ಹುರಿಗೆ ತಾಗಿದ ಬಂಡೆ ಮೇಲೆ ಉಪ್ಪು ಸುರಿದು ದೂರ ಹೋಗಿ ನಿಲ್ಲೋರು. ನಮ್ಮೋರು ಹೋಗಿ ಉಪ್ಪು ತಗಂಡು ರಾಗಿ ಇಟ್ಟು ಬರೋರು.

ಆ ಊರಾಗೆ ಬಂಗಾರಿ ಅಂತ ಒಬ್ಳು. ಕೆರೆ ನೀರುಗಂಟಿ ಕೆಂಚನ ಹೆಂಡ್ತಿ. ಕೆಂಚಂಗೆ ಮೊಣಕಾಲು ನೋವು ಅಂತ ತೂಬು ಎತ್ತೋದು, ಕಾಲುವೆ ತಿರುಗ್ಸೋದು ಎಲ್ಲ ಇವಳೇ ಮಾಡೋಳು. ಈಗ ನೀನು ಕೇಳ್ತೀಯ, ಗಂಡ ಹೊಡೀತಿದ್ನಾ ಅಂತ. ಇಲ್ಲ, ಅವನು ಇರುವೆ ಕಂಡ್ರೂ ದಾಟ್ಕಂಡು ಹೋಗೋ ಪ್ರಾಣಿ. ಅತ್ತೆ ಕಾಟಾನಾ? ಅತ್ತೆ ಸಿದ್ದವ್ವನ ಬಾಯಿ ಸ್ವಲ್ಪ ಜೋರು, ಆದ್ರೆ ಸೊಸೆ ತಲೆಗೆ ಎಣ್ಣೆ ತಾನೇ ಹಚ್ಚೋಳು. ಹೊಟ್ಟೆಗಿಲ್ವಾ? ಕೆರೆ ಕೆಳಗಿನ ಗದ್ದೆ, ವರ್ಷವೆಲ್ಲ ಅನ್ನ. ಇನ್ಯಾವನ ಮೇಲಾದ್ರೂ ಮನಸ್ಸಿತ್ತಾ? ನಮ್ಮಜ್ಜಿ ಅದನ್ನೂ ಚೆನ್ನಾಗಿ ವಿಚಾರಿಸವ್ಳೆ, ನಮ್ಮ ಮನೆತನದಾಗೆ ಅಂಥದ್ದು ಬಿಡಲ್ಲ. ಏನೂ ಇಲ್ಲ. ಇದ್ದಿದ್ದು ಒಂದೇ. ತೂಬು ಎತ್ತಿದ್ರೆ ನೀರು ಬುಳುಬುಳು ಅಂತ ಬಂದು, ಗದ್ದೆಯೆಲ್ಲ ಸುತ್ತಿ, ಉಳಿದಿದ್ದು ಕಣಿವೆ ಸಂದಿಯಾಗೆ ಆ ಬೇವಿನ ಹುರಿ ಕೆಳಗೇ ಹರಿದು ಆಚೆ ಹೋಗ್ತಿತ್ತು. ಬಂಗಾರಿ ನಿಂತು ನೋಡೋಳು. ತಾನು ಕೈಯಾರೆ ಬಿಟ್ಟ ನೀರು, ತನ್ನ ಕಾಲು ತೊಳೆದ ನೀರು, ಒಂದು ಮಾತೂ ಹೇಳದೆ ಕೇಳದೆ ಹೋಗ್ತದಲ್ಲ. ಎಲ್ಲಿಗೆ? ಅದನ್ನ ನಿಲ್ಸಿ ಯಾಕೆ ಹೋಗ್ತೀಯ ಅಂತ ಪಾಲಯ್ಯ ಕೇಳಲ್ವಲ್ಲ. ಮನೆಗೆ ಬಂದು ಮುದ್ದೆ ತಿರುವೋವಾಗ್ಲೂ ಅವಳ ಕಿವಿಯಾಗೆ ಆ ನೀರೇ ಹರೀತಿತ್ತು.

ಒಂದು ದಿನ ಉಪ್ಪು ತರಾಕೆ ಹೋದಾಗ ಉಪ್ಪಿನೋಳು ದೂರದಾಗೆ ಕತ್ತೆ ಮೈ ಒರೆಸ್ತಾ ನಿಂತಿದ್ಲು. ಬಂಗಾರಿ ಹುರಿ ಈಚೆಯಿಂದಲೇ ಕೂಗಿದ್ಲು, “ಅಕ್ಕಾ, ಅತ್ಲಾಗೆ ಏನೈತೆ?”

“ಏನಿರ್ತದೆ? ಇತ್ಲಾಗೆ ಇರೋದೇ. ಮನೆ, ತಿಪ್ಪೆ, ಜಗಳ.”

“ಹಂಗಾದ್ರೆ ನೀನ್ಯಾಕೆ ತಿರುಗ್ತೀಯ?”

“ಉಪ್ಪು ಮಾರಾಕೆ.”

“ಒಂದ್ಕಡೆ ಕೂತು ಮಾರ್ಬೌದಲ್ಲ?”

ಉಪ್ಪಿನೋಳು ನಕ್ಕು, “ಕೂತು ಮಾರಿದ್ರೆ ತಿರುಗೋದು ಹೆಂಗೆ ತಾಯಿ?” ಅಂದ್ಲಂತೆ. ಬಂಗಾರಿ ಉಪ್ಪು ಹೊತ್ಕಂಡು ಮನೆಗೆ ಬಂದ್ಲು. ಆವತ್ತಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸಿದ್ದವ್ವ ಬಾಯಿಗಿಟ್ಟು, “ಸೊಸೆ ಮನಸ್ಸು ಮನೆಯಾಗಿಲ್ಲ” ಅಂದ್ಲು, ಅಂದು ಊಟ ಮಾಡಿದ್ಲು.

ಕೆರೆ ತುಂಬಿ ಕೋಡಿ ಬಿದ್ದ ವರ್ಷ ಅದು. ಒಂದು ಬೆಳಿಗ್ಗೆ ಬಂಗಾರಿ ತೂಬು ಎತ್ತಿದ್ಲು, ನೀರಿನ ಜೊತೆ ಕಾಲುವೆ ಹಿಡಿದು ನಡೆದ್ಲು, ಹುರಿ ಹತ್ರ ಬಂದ್ಲು. ಬಿಚ್ಚಲಿಲ್ಲ, ಹರೀಲಿಲ್ಲ. ಹಿತ್ತಲಾಗೆ ಬಟ್ಟೆ ಒಣಗಾಕಿದ ಹಗ್ಗದ ಕೆಳಗೆ ನುಸೀತೀವಲ್ಲ, ಹಂಗೆ, ಅದಕ್ಕಿಂತ ಇನ್ನೊಂಚೂರು ಬಗ್ಗಿ, ನುಸಿದು ಆಚೆ ನಿಂತ್ಲು. ಸಿಡ್ಲು ಹೊಡೀಲಿಲ್ಲ. ಒಂದು ಕಾಗೆ ಕೂಡ ಕೂಗ್ಲಿಲ್ಲ. ಅದೇ ಅವಳಿಗೆ ಜಾಸ್ತಿ ಹೆದರಿಕೆ ಆಗಿದ್ದಂತೆ. ಇಷ್ಟೇನಾ ಅನ್ನಿಸ್ತಂತೆ. ತಿರುಗಿ ನೋಡಿದ್ರೆ ಊರು ಅಷ್ಟಗಲ ಕಾಣ್ತಿತ್ತು, ಕೆರೆ, ಗದ್ದೆ, ತನ್ನ ಮನೆ ಮಾಡಿನ ಹೊಗೆ. ಹುಟ್ಟಿದ ಊರನ್ನ ಅವಳು ಇಡಿಯಾಗಿ ನೋಡಿದ್ದು ಅದೇ ಮೊದಲು. ಒಳಗೇ ಇದ್ದೋರಿಗೆ ಊರು ಎಲ್ಲಿ ಕಾಣ್ತದೆ? ಬೀದಿ ಕಾಣ್ತದೆ, ಪಕ್ಕದ ಮನೆ ಕಾಣ್ತದೆ. ಪಕ್ಕದ ಮನೆ ನೋಡ್ಕಂಡೇ ನನ್ನ ಆಯಸ್ಸು ಕಳೀತು, ನನಗೆ ಗೊತ್ತಿಲ್ವಾ.

ನೀರಿನ ಜೊತೆ ಇಳಿದು ಇಳಿದು ಹೊಳೆ ದಡಕ್ಕೆ ಬಂದ್ಲು. ಅಲ್ಲೊಂದು ಹಳ್ಳಿ, ಹುಣಸೆಕಟ್ಟೆ ಅಂತ. ಕಾಲು ಸೋತು ಒಂದು ಮನೆ ಜಗಲಿ ಮೇಲೆ ಕೂತ್ಲು. ಮನೆಯೊಳಗಿಂದ ವಯಸ್ಸಾದ ಹೆಂಗಸು ಬಂದು ನೀರು ಕೊಟ್ಟು ಕೇಳಿದ್ಲು, “ಯಾವೂರವ್ವ?” ಆ ಮಾತು ಅವಳನ್ನ ಹುಟ್ಟಿದಾಗಿಂದ ಯಾರೂ ಕೇಳಿರ್ಲಿಲ್ಲ ಕಣೆ ಚಂದ್ರಿ! ಕೇಳೋರ್ಯಾರು, ಇದ್ದೋರೆಲ್ಲ ಅದೇ ಊರಿನೋರು. ಊರಿಗೆ ಊರು ಅಂತಿದ್ರು, ಅಷ್ಟೇ. ಬಂಗಾರಿ ಯೋಚ್ನೆ ಮಾಡಿ, “ಬೇವಿನ ಹುರಿ ಕಟ್ಟಿರೋ ಊರು” ಅಂದ್ಲು. ಆ ಹೆಂಗಸು ಜಗಲಿಯಿಂದ ಎರಡು ಮಾರು ಹಿಂದಕ್ಕೆ ಸರಿದು ನಿಂತು, “ಆ ಊರಾಗೆ ಬ್ಯಾನೆ ಇನ್ನೂ ಐತಾ?” ಅಂದ್ಲು. ಬಂಗಾರಿ ಅಂದ್ಲು, “ನಮ್ಮೂರಾಗೆ ಎಲ್ಲೈತೆ? ಬ್ಯಾನೆ ಇರೋದು ನಿಮ್ಮ ಕಡೆ ಅಂತಲ್ವಾ!” ಹೊರಗಿನೋರು ಹುರಿ ನೋಡಿ ಒಳಗೆ ಮಾರಿ ಅವ್ಳೆ ಅಂತ ಹೆದರಿದ್ರು, ಒಳಗಿನೋರು ಅದೇ ಹುರಿ ನೋಡಿ ಹೊರಗೆ ಅವ್ಳೆ ಅಂತ ಹೆದರಿದ್ರು. ಮಾರಿ ಮಾತ್ರ ಎರಡೂ ಕಡೆ ಇಲ್ಲದೆ ಎಂದೋ ಹೊರಟು ಹೋಗಿದ್ಲು.

ಆ ಹೆಂಗಸಿನ ಹೆಸರು ನಿಂಗಿ. ಒಳ್ಳೇ ಜೀವ, ಹೆದರಿಕೆ ಇಳಿದ ಮೇಲೆ ಬಂಗಾರೀನ ಮನೆಯಾಗೆ ಇಟ್ಕಂಡ್ಲು. ಬಂಗಾರಿ ಅಲ್ಲಿ ಕಳೆ ಕಿತ್ಲು, ಸಂತೆ ನೋಡಿದ್ಲು, ಹೊಳೆಯಾಗೆ ದೋಣಿ ನೋಡಿದ್ಲು, ತನ್ನ ಕೆರೆ ನೀರು ಯಾವುದು ಹೊಳೆ ನೀರು ಯಾವುದು ಅಂತ ತಿಳೀದೆ ಬೆರೆತು ಹೋಗಿದ್ದನ್ನೂ ನೋಡಿದ್ಲು. ಹಿರಿಯರ ಹಬ್ಬ ಬಂತು. ಸತ್ತ ಹಿರಿಯರ ಹೆಸರು ಹೇಳಿ ನಿಂಗಿ ಒಂದೊಂದೇ ಎಡೆ ಇಟ್ಲು. ಕೊನೇ ಎಡೆಗೆ ಹುರುಳಿಕಾಳಿನ ಹುಳಿ ಬಡಿಸಿ, ಕಣ್ಣು ಒರೆಸ್ಕಂಡು, “ಇದು ನಮ್ಮಕ್ಕ ಸಿದ್ದವ್ವಂಗೆ. ಈ ಹುಳಿ ಅಂದ್ರೆ ಪ್ರಾಣ ಬಿಡೋಳು. ನಿಮ್ಮ ಊರಿಗೇ ಕೊಟ್ಟಿದ್ವಿ. ಬ್ಯಾನೆಯಾಗೆ ಹೋಗಿರ್ಬೇಕು” ಅಂದ್ಲು.

“ಹೋದ್ಲು ಅಂತ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಬದುಕಿದ್ರೆ ತವರಿಗೆ ಒಂದ್ಸಲ ಬರ್ತಿರ್ಲಿಲ್ವಾ?”

ಬಂಗಾರಿ ಆ ಎಡೆ ನೋಡಿದ್ಲು. ದಿನಾ ತನ್ನ ತಲೆಗೆ ಎಣ್ಣೆ ಹಚ್ಚೋ ಅತ್ತೆ, ಇಲ್ಲಿ ಎಲೆ ಮುಂದೆ ಕೂತು ಸತ್ತು ಹೋಗವ್ಳೆ! ನಿಂಗಿಗೆ ಇದ್ದಿದ್ದು ಇದ್ದಂಗೆ ಹೇಳಿದ್ಲು. ನಿಂಗಿ ಮೊದ್ಲು ನಂಬಲಿಲ್ಲ, ಆಮೇಲೆ ಅತ್ಲು, ಆಮೇಲೆ ಇಷ್ಟು ವರ್ಷ ಬರದೆ ಇದ್ದಿದ್ದಕ್ಕೆ ಅಕ್ಕನ್ನ ಬಾಯಿಗೆ ಬಂದಂಗೆ ಬೈದ್ಲು. ಮಾರನೇ ದಿನವೇ ಬಂಗಾರಿ ಊರಿನ ದಾರಿ ಹಿಡಿದ್ಲು.

ಕಣಿವೆಗೆ ಬರೋ ಹೊತ್ತಿಗೆ ಹುರಿ ಈಚೆ ಊರಿಗೆ ಊರೇ ನಿಂತಿತ್ತು. ಪಾಲಯ್ಯ ಕೋಲು ಅಡ್ಡ ಹಿಡಿದು, “ಒಳಕ್ಕೆ ಕಾಲಿಟ್ಟೀಯ ಜ್ವಾಕೆ” ಅಂದ. “ಯಾಕೆ ಹೋಗಿದ್ದೆ? ಯಾರು ಕರೆದ್ರು?” ಬಂಗಾರಿ, “ಯಾರೂ ಕರೀಲಿಲ್ಲ. ಸುಮ್ನೆ ಹೋಗಿದ್ದೆ” ಅಂದ್ಲು. ಆ ಒಂದು ಮಾತಿಗೆ ಜನ ಬೆಂಕಿ ಆದ್ರು ನೋಡು. ಕದ್ದು ಹೋದೆ ಅಂದಿದ್ರೂ ತಡ್ಕಂತಿದ್ರೇನೋ. ಸುಮ್ನೆ ಅಂದ್ರೇನು? ಊರಿಗೆ ಊರೇ ಪ್ರಾಣ ಕೈಯಾಗೆ ಹಿಡ್ಕಂಡು ಕೂತಿರೋವಾಗ, ಒಬ್ಳು ಸುಮ್ನೆ ದಾಟಿ ಹೋಗಿ ಸುಮ್ನೆ ವಾಪಸ್ ಬಂದ್ರೆ, ಇಷ್ಟು ವರ್ಷ ಕೂತೋರೆಲ್ಲ ಏನಾದ್ರು? ಅವಳು ಹುರಿ ಆಚೆಯ ಚಪ್ಪಟೆ ಕಲ್ಲಿನ ಮೇಲೆ ಕೂತ್ಲು. ಗಂಡ ಕೆಂಚ ಒಂದು ಮಾತೂ ಆಡ್ಲಿಲ್ಲ. ಗಂಡಸರು ಎಲ್ಲ ಕಾಲದಾಗೂ ಹಂಗೇ ಅಂತ ಕಾಣ್ತದೆ. ಆದ್ರೆ ದಿನಾ ಕುಂಟ್ಕಂಡು ಬಂದು, ಒಂದು ಮಡಕೆ ನೀರು ಹುರಿ ಕೆಳಗೆ ಆಚೆಗೆ ನೂಕಿ ಹೋಗ್ತಿದ್ದ. ನೀರುಗಂಟಿ ಅಲ್ವಾ, ಅವನಿಗೆ ಗೊತ್ತಿದ್ದ ಭಾಷೆ ಅದೊಂದೇ.

ಕೆಲವು ದಿನ ಕಳೆದ್ವು, ಯಾರಿಗೂ ಬ್ಯಾನೆ ಬರ್ಲಿಲ್ಲ. ಒಂದು ಸಂಜೆ ಪಾಲಯ್ಯ ಒಬ್ಬನೇ ಬಂದ. ಅವನೂ ಕೆಟ್ಟೋನಲ್ಲ ಕಣೆ, ನಿಮ್ಮ ಮನೆ ಮೂಲಪುರುಷ, ನಿನ್ನ ಮುಂದೆ ಸುಳ್ಳು ಹೇಳಲ್ಲ. “ನಮ್ಮಪ್ಪ ಸಾಯೋವಾಗ ನನ್ನ ಕೈಗೆ ಕೊಟ್ಟಿದ್ದು ಈ ಹುರಿ ಒಂದೇ ತಾಯಿ” ಅಂದ. “ನಿನಗೊಂದು ದಾರಿ ಹೇಳ್ತೀನಿ. ದೇವ್ರು ಮೈಮೇಲೆ ಬಂದು ಕರ್ಕಂಡು ಹೋಯ್ತು ಅನ್ನು. ಇಲ್ಲಾಂದ್ರೆ ಮೂಲಿಕೆ ತರಾಕೆ ಹೋಗಿದ್ದೆ ಅನ್ನು. ಒಂದು ಸೊಪ್ಪು ಕೈಯಾಗೆ ಹಿಡ್ಕ, ಸಾಕು. ನಾನೇ ಆರತಿ ಎತ್ತಿ ಒಳಕ್ಕೆ ಕರ್ಕಂತೀನಿ.” ಬಂಗಾರಿಗೆ ಆಸೆ ಆಗ್ಲಿಲ್ಲ ಅಂತಲ್ಲ. ಮಾಡಿನ ಹೊಗೆ ಕಾಣ್ತಿತ್ತು, ಹಸಿವಾಗ್ತಿತ್ತು, ಒಂದು ಮಾತಿನಷ್ಟು ದೂರದಾಗೆ ಮನೆ ಇತ್ತು. ಮಡಕೆಯಿಂದ ಒಂದು ಬೊಗಸೆ ನೀರು ಕುಡಿದು ಅಂದ್ಲಂತೆ, “ಮಾವ, ನಾನು ದೇವ್ರು ಕರೀತು ಅಂದ್ರೆ, ನಾಳೆ ಇನ್ನೊಬ್ಳು ಹೋಗ್ಬೇಕು ಅಂದ್ರೆ ಅವಳ್ನೂ ದೇವ್ರೇ ಕರೀಬೇಕು ಅಂತೀರ. ಎಲ್ಲರ ಮನೆಗೂ ದೇವ್ರು ಬರ್ತದಾ? ನಾನು ಸುಮ್ನೆ ಹೋಗಿದ್ದು. ಅಷ್ಟೇ ಬರೀರಿ ನನ್ನ ಹಣೆಗೆ.” ಪಾಲಯ್ಯ ಹೋದ.

ಮಾರನೇ ಬೆಳಿಗ್ಗೆ ಸಿದ್ದವ್ವ ಬಂದ್ಲು. ಅಲ್ಲಿತನಕ ಸಿಟ್ಟು ಮಾಡ್ಕಂಡು ಮನೆಯಾಗೇ ಕೂತಿದ್ಲು. ಸೊಸೆ ಮುಖ ನೋಡ್ದೆ ಸೆರಗಿನಾಗೆ ಕಟ್ಟಿ ತಂದಿದ್ದ ಮುದ್ದೆ ಬಿಚ್ಚಿ ಎಸೆದು, “ತಿನ್ನು, ಸಾಯ್ಬ್ಯಾಡ” ಅಂದ್ಲು. ಬಂಗಾರಿ ಮುದ್ದೆ ಮುರೀತಾ ಮೆಲ್ಲಗೆ, “ಅತ್ತೆ, ಹುಣಸೆಕಟ್ಟೆಯಾಗೆ ನಿಂಗಿ ಚಿಕ್ಕತ್ತೆ ನಿಮಗೆ ಪ್ರತಿ ವರ್ಷ ಎಡೆ ಇಡ್ತಾಳೆ. ಹುರುಳಿಕಾಳಿನ ಹುಳಿ ಮಾಡಿ” ಅಂದ್ಲು. ಆಗ ಬಂತು ನೋಡು ಸಿದ್ದವ್ವನ ಬಾಯಿ, ಗುಡ್ಡ ಎರಡೂ ದಿಬ್ಬ ಅದುರಾಂಗೆ! “ನಾನು ಬದುಕಿರೋವಾಗ್ಲೇ ನಂಗೆ ಎಡೆ ಇಟ್ಲಾ ಆ ಮೂದೇವಿ? ಅದಕ್ಕೇ ನಂಗೆ ವರ್ಷ ವರ್ಷ ಆ ಹಬ್ಬದಾಗೆ ಮೈ ಹುಷಾರು ತಪ್ಪೋದು! ತಾಳು, ಅವಳ ಜುಟ್ಟು ಹಿಡಿದು ಕೇಳ್ತೀನಿ.” ಬಲಗೈಯಾಗೆ ಆ ಹುರಿ ಮೇಲಕ್ಕೆ ಎತ್ತಿದ್ಲು. ತಾನು ಆಚೆ ದಾಟಿದ್ಲು. ಎತ್ತಿದ ಕೈ ಇಳಿಸದೆ ಸೊಸೆಗೆ, “ನೋಡ್ತಾ ಏನು ಕೂತಿದೀಯ? ನಾನು ಬರೋತನಕ ಮನೆಯಾಗೆ ಒಲೆ ಹಚ್ಚೋರು ಬ್ಯಾಡ್ವಾ? ನುಸಿ ಒಳಕ್ಕೆ” ಅಂದ್ಲು.

ಪಾಲಯ್ಯ ಓಡಿ ಬಂದ, ಅವನ ಹಿಂದೆ ಜನ. “ಸಿದ್ದಕ್ಕಾ, ನಿನ್ನ ದಮ್ಮಯ್ಯ, ಯಾಕೆ ಹೋಗ್ತಿದೀಯ ಅಂತ ಒಂದು ಕಾರಣನಾದ್ರೂ ಹೇಳು!” ಎಂಥ ಕಾರಣ ಇತ್ತು ಅವಳ ಹತ್ರ, ಯೋಚ್ನೆ ಮಾಡು. ಒಡಹುಟ್ಟಿದೋಳು, ತವರು, ತನ್ನ ಹೆಸರಿಗೆ ಇಟ್ಟ ಎಡೆ. ಹೇಳಿದ್ರೆ ಊರೆಲ್ಲ ಅತ್ತು ಕಳಿಸ್ತಿತ್ತು. ಸಿದ್ದವ್ವ ಒಂದ್ಸಲ ಸೊಸೆ ಮುಖ ನೋಡಿದ್ಲು. ಬೊಕ್ಕು ಬಾಯಿ ತೆಗೆದು, “ಸುಮ್ನೆ ಕಣೋ. ಏನೀಗ?” ಅಂದು, ತಿರುಗಿ ನೋಡದೆ ಇಳಿದು ಹೋದ್ಲು. ಇತ್ಲಾಗೆ ಬಂಗಾರಿ ನುಸಿದು ಒಳಕ್ಕೆ ಬಂದ್ಲು. ಪಾಲಯ್ಯನ ಕೋಲು ಅಡ್ಡ ಬರ್ಲಿಲ್ಲ.

ಆಮೇಲೆ ಒಬ್ಬೊಬ್ರೇ ನುಸಿದ್ರು. ಕೆಲವ್ರಿಗೆ ತವರಿತ್ತು, ಕೆಲವ್ರಿಗೆ ಸಂತೆ ಇತ್ತು, ಏನೂ ಇಲ್ಲದೋರೂ ಹೋದ್ರು. ಹೋದೋರು ಊರು ಇಡಿಯಾಗಿ ನೋಡ್ಕಂಡು ಬಂದ್ರು. ಹುರಿ ಮಾತ್ರ ಯಾರೂ ಬಿಚ್ಚಲಿಲ್ಲ. ಕಟ್ಟಿದ ಕೈ ಇಲ್ವಲ್ಲ! ಪಾಲಯ್ಯನೂ ವರ್ಷಕ್ಕೊಂದ್ಸಲ ಕಟ್ಟೋದು ಬಿಡ್ಲಿಲ್ಲ, ಆದ್ರೆ ಆ ವರ್ಷದಿಂದ ಕೆಳಗೆ ಒಬ್ರು ದಾಟೋವಷ್ಟು ಜಾಗ ಬಿಟ್ಟು ಕಟ್ಟಿದ. ಅದಕ್ಕೇ ಅದು ಇವತ್ತಿಗೂ ಸೊಂಟದ ಮಟ್ಟಕ್ಕೇ ಇರೋದು. ದೇವಿಗೆ ನಮಸ್ಕಾರ ಮಾಡ್ತೀವಿ ಅಂತ ಜನ ಬಗ್ತಾರೆ. ನಮಸ್ಕಾರ ಅಲ್ಲ ಕಣಮ್ಮಿ ಅದು, ನುಸಿಯೋದು. ಬಂಗಾರಿ ಆಮೇಲೂ ಆಗಾಗ ಹೋಗ್ತಿದ್ಲಂತೆ, ಬರ್ತಿದ್ಲಂತೆ. ವಯಸ್ಸಾದ್ಮೇಲೆ ಒಂದ್ಸಲ ಹೋದೋಳು ಬರ್ಲೇ ಇಲ್ಲ. ಸತ್ಲು ಅಂತ ಯಾರೂ ಅನ್ಲಿಲ್ಲ. ಬದುಕಿರೋಳಿಗೆ ಎಡೆ ಇಟ್ಟು ಸಿದ್ದವ್ವನ ಕೈಲಿ ಬೈಸ್ಕಂಡಿದ್ದು ಎಲ್ರಿಗೂ ನೆನಪಿತ್ತು. ಅದಕ್ಕೇ ಅಲ್ಲಿ ಎಡೆ ಇಲ್ಲ. ಬಂದ್ರೆ ಬಾಯಾರಿಕೆ ಆಗಿರ್ತದೆ ಅಂತ ಮಡಕೆಗೆ ನೀರು ಮಾತ್ರ ತುಂಬಿಡ್ತಾರೆ. ಪಾಲಯ್ಯ ಸಾಯೋತನಕ, ಬಂದೋರ್ನೆಲ್ಲ ಯಾಕೆ ಬಂದೆ ಅಂತ ಕೇಳ್ತಾ, ಅವಳ ಆ ಒಂದು ಮಾತು ಇನ್ಯಾರ ಬಾಯಾಗಾದ್ರೂ ಬರ್ತದಾ ಅಂತ ಕಾಯ್ತಾ ಕೂತಿದ್ನಂತೆ. ಅವನು ಸತ್ತ ಎಷ್ಟೋ ಕಾಲದ ಮೇಲೆ, ಮೊನ್ನೆ ಮೊನ್ನೆ, ಆ ಸೊಪ್ಪು ಹಿಡ್ಕಂಡ ಕತೆ ಬೋರ್ಡಿಗೆ ಹತ್ತಿದ್ದು. ಅವಳು ಯಾವ ಮಾತು ಹೇಳಲ್ಲ ಅಂತ ಹಸ್ಕಂಡು ಕೂತಿದ್ಲೋ, ಅದನ್ನೇ ಹಳದಿ ಬಣ್ಣದಾಗೆ...

ತಡಿ, ತಡಿ. ಗೇಟು ಸದ್ದಾಯ್ತು. ಆ ಚಪ್ಪಲಿ ಎಳೆಯೋದು ಯಾರು ಅಂತ ನಿಂಗೂ ಗೊತ್ತು ನಂಗೂ ಗೊತ್ತು. ಚಂದ್ರಿ, ಆ ಮೊರ ಕೊಡಿಲ್ಲಿ, ಅವರೆಕಾಯಿ ಬಿಡಿಸ್ತಾ ಇದ್ವಿ ಅನ್ನು. ಅವರೆಕಾಯಿ ಇಲ್ವಾ? ಹಾಳಾಗ್ಲಿ, ಬಂದೇ ಬಿಟ್ರು. ಕಣ್ಣು ಒರೆಸ್ಕ.

ಬಾ ಓಬಳಕ್ಕ, ಬಾ, ಬಾಗ್ಲು ತೆಗೆದೇ ಐತೆ. ಹೂಂ, ಇಲ್ಲೇ ಅವ್ಳೆ ನಿನ್ನ ಸೊಸೆ. ಯಾಕೆ ಬಂದಿದ್ಲು ಅಂತೀಯಾ? ಅವಳನ್ನೇ ಕೇಳು. ಹೇಳೇ ಚಂದ್ರಿ, ನಿಮ್ಮತ್ತೆ ಕೇಳ್ತಾವ್ರೆ, ಯಾಕೆ ಬಂದಿದ್ದೆ?